ಪುಣೆಯ ಚಳಿ ಮತ್ತು ಬಚ್ಚಲುಮನೆಯ ವಿದ್ಯುತ್ತು

ಡಿಸೆಂಬರ್–ಜನವರಿಯಲ್ಲಿ ಪುಣೆಯ ಬೆಳಗಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೂ ಅದೇ ದಿನ ಮಧ್ಯಾಹ್ನ 28–30 ಡಿಗ್ರಿಗೆ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಪೂರ್ವಕ್ಕಿರುವ ಈ ಊರಿನಲ್ಲಿ ಚಳಿಗಾಲದ ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ. ಹಗಲಿಡೀ ಕಾದ ನೆಲವು ರಾತ್ರಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಹೀಗಾಗಿ ಇಲ್ಲಿ ಬೇಕಾದುದು ಹಗಲಿನ ಶಾಖವನ್ನು ಕಾಪಾಡಿಕೊಳ್ಳುವುದೇ ಹೊರತು ಕೋಣೆಯನ್ನು ಹೊಸದಾಗಿ ಕಾಯಿಸುವುದಲ್ಲ. ಸಂಜೆಯಾಗುತ್ತಲೇ ಕಿಟಕಿ ಮುಚ್ಚಿದರೆ ಅರ್ಧ ಕೆಲಸ ಮುಗಿಯಿತು. ಮಲಗಿದ ಮನುಷ್ಯನ ದೇಹವೇ ಸುಮಾರು 80 ವಾಟ್ ಶಾಖವನ್ನು ಹೊರಸೂಸುತ್ತಿರುತ್ತದೆ. ವಿಜಯಪುರ, ಬಾಗಲಕೋಟೆಗಳಿಂದ ಬಂದು ಇಲ್ಲಿ ನೆಲೆಸಿದವರು ಜೊತೆಗೆ ತಂದ ಕೌದಿ, ತನ್ನ ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಅದೇ ಶಾಖವನ್ನು ಉಳಿಸಿಕೊಡುತ್ತದೆ. ಆ ಕೆಲಸಕ್ಕೆ 2000 ವಾಟಿನ ಹೀಟರ್ ಬೇಕಿಲ್ಲ.

ಚಳಿಗಾಲದ ವಿದ್ಯುತ್ತು ಹೆಚ್ಚಾಗಿ ಖರ್ಚಾಗುವುದು ಬಚ್ಚಲುಮನೆಯಲ್ಲಿ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 3600 ಕಿಲೋಜೂಲ್. ಬೆಳಗ್ಗೆ ತಾರಸಿಯ ಟ್ಯಾಂಕಿನ ನೀರು 18 ಡಿಗ್ರಿಯಲ್ಲಿದೆ ಎಂದುಕೊಂಡರೆ, 20 ಲೀಟರಿನ ಒಂದು ಬಕೆಟ್ಟನ್ನು ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ತರಲು ಸುಮಾರು ಅರ್ಧ ಯೂನಿಟ್ ಸಾಕು. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ ಅದು ಎರಡು ಯೂನಿಟ್ ದಾಟುತ್ತದೆ. ಅದೇ ಟ್ಯಾಂಕಿನ ನೀರು ಮಧ್ಯಾಹ್ನದ ಬಿಸಿಲಿಗೆ 26 ಡಿಗ್ರಿ ಮುಟ್ಟಿದ್ದರೆ, ಶಾಲೆಯಿಂದ ಬಂದ ಮಕ್ಕಳಿಗೆ ಆಗ ಸ್ನಾನ ಮಾಡಿಸುವುದರಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿದ್ಯುತ್ತು ಉಳಿಯುತ್ತದೆ.

ಗೀಸರನ್ನು ಪದೇ ಪದೇ ಆರಿಸಿ ಹಚ್ಚುವುದಕ್ಕಿಂತ ಸದಾ ಹಚ್ಚಿಡುವುದೇ ಲಾಭವೆಂಬ ನಂಬಿಕೆ ಅನೇಕರಲ್ಲಿದೆ. ಇದು ತಪ್ಪು. ಒಳಗಿನ ನೀರಿಗೂ ಹೊರಗಿನ ಗಾಳಿಗೂ ತಾಪದ ಅಂತರ ಹೆಚ್ಚಿದಷ್ಟೂ ಶಾಖ ಸೋರುವುದು ಹೆಚ್ಚು. ಸದಾ ಬಿಸಿಯಾಗಿಟ್ಟರೆ ಆ ಸೋರಿಕೆಯನ್ನು ಹಗಲೂ ರಾತ್ರಿ ತುಂಬಿಕೊಡುತ್ತಲೇ ಇರಬೇಕಾಗುತ್ತದೆ. ಕೊಳ್ಳುವಾಗ ಸ್ಟಾರ್ ಗುರುತನ್ನು ನೋಡಬೇಕಾದದ್ದೂ ಇದಕ್ಕಾಗಿಯೇ, ಏಕೆಂದರೆ ಶೇಖರಣಾ ಗೀಸರುಗಳಿಗೆ ಅದನ್ನು ಕೊಡುವುದು ಈ ಸೋರಿಕೆಯನ್ನು ಅಳೆದು. 15 ಲೀಟರಿನ, 2 ಕಿಲೋವಾಟ್ ಗೀಸರು 20 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಇಪ್ಪತ್ತೊಂದು ನಿಮಿಷ ಸಾಕಾದ್ದರಿಂದ, ಸ್ನಾನಕ್ಕೆ ಮುಂಚೆ ಹಚ್ಚಿ, ಕಾದ ಮೇಲೆ ಆರಿಸಿ, ಆಗಲೇ ಬಳಸಿಬಿಡುವುದು ಸರಿಯಾದ ಕ್ರಮ. ಉಗುರುಬೆಚ್ಚಗಿನ ನೀರನ್ನು ದಿನಗಟ್ಟಲೆ ನಿಲ್ಲಿಸುವುದು ಮಾತ್ರ ಬೇಡ. ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಅದೇ ಹದವಾದ ತಾಪ. ಟ್ಯಾಂಕರಿನಲ್ಲಿ ಬರುವ ಗಡಸು ಬೋರ್‌ವೆಲ್ ನೀರನ್ನು ಕಾಯಿಸುವ ಕಾಯಿಲಿನ ಮೇಲೆ ಮೊಟ್ಟೆಯ ಚಿಪ್ಪಿನಂಥ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಇದರಿಂದ ಬಿಲ್ಲು ಅಷ್ಟಾಗಿ ಏರದಿದ್ದರೂ ಶಾಖ ನೀರಿಗೆ ಬೇಗ ದಾಟದೆ ಕಾಯಿಲೇ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ತಾರಸಿಯ ಸೋಲಾರ್ ಹೀಟರಿನದು. ಅದರ ನಿರ್ವಾತ ಕೊಳವೆಗಳಿಗೆ, ಅಂದರೆ ನಡುವಿನ ಗಾಳಿ ತೆಗೆದ ಜೋಡಿಪದರದ ಗಾಜಿನ ಕೊಳವೆಗಳಿಗೆ, ಹೊರಗಿನ ಚಳಿ ಅಷ್ಟಾಗಿ ತಾಗುವುದಿಲ್ಲ, ಬಿಸಿಲಿಗಂತೂ ಪುಣೆಯ ಚಳಿಗಾಲದಲ್ಲಿ ಬರವಿಲ್ಲ. ನಷ್ಟವಾಗುವುದು ದಾರಿಯಲ್ಲಿ: 15 ಮಿಲಿಮೀಟರ್ ಒಳವ್ಯಾಸದ 20 ಮೀಟರ್ ಪೈಪು ಮೂರೂವರೆ ಲೀಟರ್ ನೀರನ್ನು ಹಿಡಿಯುತ್ತದೆ, ರಾತ್ರಿ ಅದಷ್ಟೂ ತಣ್ಣಗಾಗುತ್ತದೆ. ಪೈಪಿಗೆ ಸುತ್ತಿದ ಫೋಮ್ ಹೊದಿಕೆಯಿಂದ ಅದು ತಣಿಯುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದ್ದರಿಂದ ಆ ಮೊದಲ ನೀರನ್ನು ಪಾತ್ರೆ ತೊಳೆಯಲು ಹಿಡಿದಿಟ್ಟುಕೊಂಡು, ಪೈಪು ಮತ್ತೆ ತಣಿಯುವ ಮೊದಲೇ ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದು ಒಳ್ಳೆಯದು.