ಗೊಂಬೆ ಯುದ್ಧದ ಕಿವಿನಾಟಕಕ್ಕೆ ದುಡ್ಡು ಕೊಡಬೇಕಾ?

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗ ಹೋದ ತಿಂಗಳು ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಊಟ ಮುಗಿಸಿ ಫೋನನ್ನು ನನ್ನ ಮುಂದೆ ಹಿಡಿದ. "ಮಾವ, ಇದನ್ನ ತಗೊಳ್ಳಲಾ, ಬೇಡ್ವಾ?" ಪರದೆಯಲ್ಲಿ ಕಿತ್ತಳೆ ಬಣ್ಣದ ಜುಟ್ಟು ಬಿಟ್ಟ ಒಬ್ಬ ಕುಳ್ಳ, ಕೈಯಲ್ಲಿ ದೊಡ್ಡ ಕೊಡಲಿ. ವಾರ್‌ಹ್ಯಾಮರ್ ಎಂಬ ಮೇಜಿನ ಮೇಲಿನ ಯುದ್ಧದಾಟದ ಲೋಕದಿಂದ ಬಂದ ಆಡಿಯೋ ನಾಟಕ ಅದು. ಹೂಂ ಅಥವಾ ಉಹೂಂ ಅಂದಿದ್ದರೆ ಸಾಕಿತ್ತು. ನಾನು ಮಾತು ಶುರು ಮಾಡಿದೆ, ರಾತ್ರಿ ಹನ್ನೆರಡಾಯಿತು.

ವಿಷಯ ಅಷ್ಟು ಸಿಕ್ಕುಸಿಕ್ಕಾಗಿದೆ. ಒಬ್ಬನೇ ವೀರನ ಕಥೆ ಕಾದಂಬರಿಯಾಗಿ ಇರುತ್ತದೆ. ಅದನ್ನು ಒಬ್ಬರು ಕೂತು ಓದಿದ ಆಡಿಯೋಬುಕ್ ಇರುತ್ತದೆ. ಹಲವು ನಟರು ಸೇರಿ ಆಡಿದ ಆಡಿಯೋ ನಾಟಕ ಬೇರೆ. ಕೆಲವೇ ನಿಮಿಷದ ಚಿಲ್ಲರೆ ತುಣುಕುಗಳು ಮತ್ತೂ ಬೇರೆ. ಒಮ್ಮೆ ನಾಟಕವಾಗಿ ಬಂದದ್ದು ಮುಂದೆ ಅಚ್ಚಾಗಿಯೂ ಬರುತ್ತದೆ. ಮುಖಪುಟ ಮಾತ್ರ ಎಲ್ಲದರದ್ದೂ ಹೆಚ್ಚುಕಮ್ಮಿ ಒಂದೇ: ಕತ್ತಿ, ಬೆಂಕಿ, ಬಾಯಿ ತೆರೆದ ಒಬ್ಬ ಗಂಡಸು. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ತೀರಾ ಹಿಂದೆ ಹೋದರೆ 1780ರಲ್ಲಿ ಜರ್ಮನಿಯ ಹೆಲ್ವಿಗ್ ಚದುರಂಗವನ್ನೇ ಹಿಗ್ಗಿಸಿ ಯುದ್ಧದಾಟ ಮಾಡಿದ. 1824ರ ಹೊತ್ತಿಗೆ ರೈಸ್‌ವಿಟ್ಸ್ ಎಂಬ ಅಧಿಕಾರಿಯ ಆಟ ಪ್ರಷ್ಯಾದ ಸೇನೆಯ ತರಬೇತಿಗೆ ಸೇರಿತು. 1913ರಲ್ಲಿ ಎಚ್.ಜಿ. ವೆಲ್ಸ್ ಆಟಿಕೆ ಸಿಪಾಯಿಗಳ ಯುದ್ಧಕ್ಕೆ ನಿಯಮದ ಪುಸ್ತಕ ಬರೆದರು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಬಂದು ಅದೇ ಆಟಕ್ಕೆ ಮಂತ್ರವಾದಿ, ರಾಕ್ಷಸರೆಲ್ಲ ಸೇರಿಕೊಂಡರು. (ಚದುರಂಗ ನಮ್ಮದು ಅಂತ ಎದೆ ತಟ್ಟಿಕೊಳ್ಳುವವರು ಇಲ್ಲೊಮ್ಮೆ ತಟ್ಟಿಕೊಳ್ಳಬಹುದು.)

1975ರಲ್ಲಿ ಇಂಗ್ಲೆಂಡಿನಲ್ಲಿ ಮೂವರು ಗೆಳೆಯರು ಗೇಮ್ಸ್ ವರ್ಕ್‌ಶಾಪ್ ಶುರು ಮಾಡಿದರು. 1983ರಲ್ಲಿ ಅಲ್ಲಿಂದ ವಾರ್‌ಹ್ಯಾಮರ್ ಬಂತು. 1987ರಲ್ಲಿ ಅದರದ್ದೇ ಅಂತರಿಕ್ಷದ ಅವತಾರ ವಾರ್‌ಹ್ಯಾಮರ್ 40,000. ಆಟ ಹೀಗೆ: ಒಂದಂಗುಲಕ್ಕಿಂತ ಸ್ವಲ್ಪ ಎತ್ತರದ ಗೊಂಬೆಗಳನ್ನು ಕೊಳ್ಳಬೇಕು, ಬಿಡಿ ಭಾಗ ಅಂಟಿಸಬೇಕು, ಸಣ್ಣ ಕುಂಚದಲ್ಲಿ ಬಣ್ಣ ಹಚ್ಚಬೇಕು. ಆಮೇಲೆ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪಿನಲ್ಲಿ ಅಳೆದು ಮುಂದೆ ಸರಿಸಿ, ದಾಳ ಹಾಕಿ ಹೊಡೆದಾಡಿಸಬೇಕು. ನಮ್ಮಲ್ಲಿ ಒಂದು ಪೂರ್ತಿ ಸೈನ್ಯ ಕಟ್ಟಲು ಹೊರಟರೆ ಡೊಂಬಿವಲಿಯ ಒಂದು ತಿಂಗಳ ಮನೆಬಾಡಿಗೆ ಸಾಲುವುದಿಲ್ಲ. ಅದನ್ನು ಹರಡಲು ಅಷ್ಟು ದೊಡ್ಡ ಮೇಜು ಬೇಕು. ಮೇಜು ಇಡಲು ಕೋಣೆ ಬೇಕು. ಮುಂಬೈಯಲ್ಲಿ ಕೋಣೆ!

ಹಾಗಾಗಿ ಇಲ್ಲಿ ಈ ಲೋಕಕ್ಕೆ ಕಾಲಿಟ್ಟವರಲ್ಲಿ ನನ್ನಂಥವರು ಒಂದು ಗೊಂಬೆಯನ್ನೂ ಮುಟ್ಟಿದವರಲ್ಲ. ನಮಗೆ ಕಥೆಯೇ ಬಾಗಿಲು. ಆ ಬಾಗಿಲು ತೆರೆದದ್ದು 1997ರಲ್ಲಿ. ಕಂಪನಿಯ ಪ್ರಕಾಶನ ವಿಭಾಗ ಬ್ಲ್ಯಾಕ್ ಲೈಬ್ರರಿ ಮೊದಲು ಒಂದು ಕಥಾಪತ್ರಿಕೆ ತಂದಿತು, 1999ರಿಂದ ಕಾದಂಬರಿ. ಆಟ ಮಾರಲು ಕಥೆ ಹುಟ್ಟಿತೋ, ಕಥೆ ಮಾರಲು ಆಟ ಉಳಿಯಿತೋ ಎಂಬ ಜಗಳ ಅಭಿಮಾನಿಗಳಲ್ಲಿ ಇವತ್ತಿಗೂ ಇದೆ. ಆಡಿಯೋ ನಾಟಕದ ಗೊಂದಲದ ಬೇರು ಅಲ್ಲೇ ಇದೆ ಅನ್ನಿಸುತ್ತದೆ. ಅದನ್ನು ನಾಟಕ ಅಂತ ನೋಡಬೇಕೋ, ಆಟದ ಪೆಟ್ಟಿಗೆಯ ಜೊತೆಗಿನ ಕೊಸರು ಅಂತ ನೋಡಬೇಕೋ ಅಂತ ಶುರುವಿನಲ್ಲೇ ಯಾರೂ ತೀರ್ಮಾನ ಮಾಡಲಿಲ್ಲ.

ಕಿವಿಗೆ ನಾಟಕ ಕಟ್ಟುವುದು ಹೊಸದೇನಲ್ಲ. 1924ರಲ್ಲಿ ಬಿಬಿಸಿ ರೇಡಿಯೋಗೆಂದೇ ಬರೆದ ನಾಟಕ ಪ್ರಸಾರ ಮಾಡಿತು. ನಡೆಯುವುದು ಕಲ್ಲಿದ್ದಲ ಗಣಿಯೊಳಗೆ, ದೀಪ ಆರಿಹೋದ ಕತ್ತಲಲ್ಲಿ. ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುವವನಿಗೂ ಕಾಣುವುದಿಲ್ಲ. ಎಂಥ ಉಪಾಯ ನೋಡಿ. 1927ರಲ್ಲಿ ಮುಂಬೈಯಲ್ಲೂ ರೇಡಿಯೋ ಕೇಂದ್ರ ಬಂತು. ಆದರೆ ಕರಾವಳಿಯಿಂದ ಇಲ್ಲಿಗೆ ಬಂದ ನಮ್ಮವರಿಗೆ ಕಿವಿನಾಟಕ ಅಂದರೆ ರೇಡಿಯೋ ಅಲ್ಲ, ಯಕ್ಷಗಾನದ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಳೆ, ಮತ್ತೆ ಕೂತಲ್ಲೇ ಮಾತಾಡುವ, ಅಂದರೆ 'ಅರ್ಥ' ಹೇಳುವ ಅರ್ಥಧಾರಿಗಳು. ಪೇಟ ಸುತ್ತಿ ಕೂತ ಶೇಣಿ ಗೋಪಾಲಕೃಷ್ಣ ಭಟ್ಟರು ಬರೀ ಮಾತಿನಲ್ಲೇ ರಾವಣನಾಗುತ್ತಿದ್ದರು. ಕತ್ತಿಯ ಖಣಖಣ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದಾಗ ಕಲಾವಿದರು ಮುಂಬೈಗೆ ಬರುತ್ತಿದ್ದರು. ಅಪ್ಪಯ್ಯ ಫೋರ್ಟಿನ ಹೋಟೆಲಿನಲ್ಲಿ ಗಲ್ಲೆಯಲ್ಲಿದ್ದವರು. ರಾತ್ರಿ ಹೋಟೆಲು ಮುಚ್ಚಿ ನೇರ ತಾಳಮದ್ದಳೆಗೆ ಹೋಗುತ್ತಿದ್ದರು. ಹೋಗಲಾಗದಿದ್ದರೆ ಕ್ಯಾಸೆಟ್. ಒಂದೊಂದು ಪ್ರಸಂಗಕ್ಕೆ ಮೂರು ನಾಲ್ಕು ಕ್ಯಾಸೆಟ್. ರೀಲು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತುವುದು ನನ್ನ ಕೆಲಸ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಕಿವಿ ತಯಾರಾದದ್ದು ಹೀಗೆ. ಮುಂದೆ ಹೇಳುವುದರಲ್ಲಿ ಆ ಪಕ್ಷಪಾತ ಇದ್ದೇ ಇರುತ್ತದೆ.

ಬ್ಲ್ಯಾಕ್ ಲೈಬ್ರರಿಯ ಆಡಿಯೋ ನಾಟಕಗಳು ಸೀಡಿಯಲ್ಲಿ ಸಾಲಾಗಿ ಬರಲು ಶುರುವಾದದ್ದು 2009ರ ಸುಮಾರಿಗೆ. ನಾನು ಚೆನ್ನಾಗಿ ಬಲ್ಲ ಕಾಲ ಅದು. ಒಂದು ಸೀಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ಹಾಗಾಗಿ ಬಹಳಷ್ಟು ನಾಟಕಗಳು ಒಂದು, ಒಂದೂಕಾಲು ಗಂಟೆಯವು. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಟಿ ನಿಲ್ದಾಣಕ್ಕೆ ಸ್ಲೋ ಲೋಕಲ್‌ನಲ್ಲಿ ಹಿಡಿಯುವುದೂ ಹೆಚ್ಚುಕಮ್ಮಿ ಅಷ್ಟೇ. ಲಂಡನ್‌ನಲ್ಲಿದ್ದ ಗೆಳೆಯ ತಂದುಕೊಟ್ಟ ಮೊದಲ ಸೀಡಿಯನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಫೋನಿಗೆ ಇಳಿಸಿಕೊಂಡು, ಮೂವರ ಸೀಟಿನ ತುದಿಗೆ ನಾಲ್ಕನೆಯವನಾಗಿ, ಫೋರ್ತ್ ಸೀಟಿನಲ್ಲಿ ಅರ್ಧ ಕೂತು ಕೇಳಿದೆ.

ಏನೂ ಅರ್ಥವಾಗಲಿಲ್ಲ. ಇಂಗ್ಲಿಷಿನ ತೊಂದರೆ ಅಲ್ಲ. ಇಬ್ಬರು ಪಿಸುಗುಟ್ಟುತ್ತಾರೆ, ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸಬೇಕು. ಮರುಕ್ಷಣ ಗೋಡೆ ಒಡೆದು ಸೈನ್ಯ ನುಗ್ಗುತ್ತದೆ, ಕಿವಿ ಕಿತ್ತುಹೋಗುತ್ತದೆ. ಇಳಿಸಿದರೆ ಮತ್ತೆ ಪಿಸುಮಾತು. ಸದ್ದಿಲ್ಲದ ಕೋಣೆಯಲ್ಲಿ ಒಳ್ಳೆಯ ಸ್ಪೀಕರಿಗೆ ಕೂರಿಸಿದ ಏರಿಳಿತ ಅದು. ಫಾಸ್ಟ್ ಲೋಕಲ್ ಹಿಡಿದ ದಿನ ಇನ್ನೂ ಮಜಾ. ಆಗೆಲ್ಲ ಅದು ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿತ್ತು. ಸುರಂಗದ ಅಬ್ಬರ ಯಾವುದು, ರಾಕ್ಷಸರ ಅಬ್ಬರ ಯಾವುದು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ.

ಎರಡನೇ ತೊಂದರೆ ಬರವಣಿಗೆಯದ್ದು. ಆ ಕಾಲದ ಎಷ್ಟೋ ನಾಟಕಗಳು ಅರ್ಧ ನಾಟಕ, ಅರ್ಧ ಓದು. ನಟ ಸಿಟ್ಟಿನಲ್ಲಿ ಗರ್ಜಿಸುತ್ತಾನೆ. ಹಿಂದೆಯೇ ನಿರೂಪಕ ಬಂದು "ಅವನು ಸಿಟ್ಟಿನಲ್ಲಿ ಗರ್ಜಿಸಿದ" ಎಂಬ ಧಾಟಿಯಲ್ಲಿ ಹೇಳುತ್ತಾನೆ. ಕೇಳಿಸಿತಲ್ಲಪ್ಪಾ! ಕಾದಂಬರಿಕಾರರನ್ನು ಕರೆದು ನಾಟಕ ಬರೆಸಿದರೆ ಹೀಗಾಗುವುದು ಸಹಜ. ಅವರಿಗೆ ಪುಟದ ಅಭ್ಯಾಸ. ಇನ್ನೊಂದು, ಪಾತ್ರಗಳೆಲ್ಲ ಎಂಟಡಿ ಎತ್ತರದ ಮಹಾಯೋಧರು. ಎಲ್ಲರದ್ದೂ ಬಾವಿಯೊಳಗಿನಿಂದ ಬಂದಂಥ ದಪ್ಪ ಸ್ವರ. ನಾಲ್ವರು ಒಟ್ಟಿಗೆ ಮಾತಾಡಿದರೆ ಯಾರು ಯಾರೆಂದು ಹೆಸರು ಹಿಡಿದು ಕರೆದಾಗಲೇ ಗೊತ್ತಾಗುವುದು. ತಾಳಮದ್ದಳೆಯಲ್ಲಿ ಕೃಷ್ಣನ ಮಾತಿನ ನಡೆಯೇ ಬೇರೆ, ಕರ್ಣನ ನಡೆಯೇ ಬೇರೆ. ಸ್ವರ ಬದಲಾಗಬೇಕಿಲ್ಲ, ನಡೆ ಬದಲಾದರೆ ಸಾಕು.

ಹಾಗಂತ ಎಲ್ಲವನ್ನೂ ತೆಗೆದುಹಾಕುವ ಹಾಗಿಲ್ಲ. 2010ರಲ್ಲಿ ಶುರುವಾದ ಗಾರೋ ಎಂಬ ಯೋಧನ ಸರಣಿಯಲ್ಲಿ ಟೋಬಿ ಲಾಂಗ್‌ವರ್ತ್ ಎಂಬ ನಟರ ಸ್ವರಕ್ಕೆ ಒಂದು ದಣಿವು ಇದೆ. ಅದು ಪುಟದಲ್ಲಿ ಬರುವಂಥದ್ದಲ್ಲ. ಅದಕ್ಕಾಗಿ ನಾನು ಕೊಂಡೆ, ಮತ್ತೆ ಮತ್ತೆ ಕೇಳಿದೆ. ಆದರೆ 2017ರಲ್ಲಿ ಅದೇ ಗಾರೋ ಕಥೆಗಳು ಅಚ್ಚಿನ ಪುಸ್ತಕವಾಗಿ, ವಾರ್‌ಹ್ಯಾಮರ್ 40,000 ಲೋಕದ ಹೋರಸ್ ಹೆರೆಸಿ ಎಂಬ ಕಾದಂಬರಿ ಸರಣಿಯ 42ನೇ ಸಂಪುಟವಾಗಿ ಬಂದವು. 2006ರಲ್ಲಿ ಶುರುವಾಗಿ 54 ಸಂಪುಟಕ್ಕೆ ಬೆಳೆದ ಸರಣಿ ಅದು. ಕೊನೆಯ ಮುತ್ತಿಗೆಯ ಕಥೆಯನ್ನು ಬೇರೆ ಸರಣಿ ಮಾಡಿ 2024ರಲ್ಲಿ ಮುಗಿಸಿದರು. ಇದರ ನಡುನಡುವೆ ಆಡಿಯೋ ನಾಟಕಗಳು ಬಂದು ಕೂತವು. 2010ರ ಒಂದು ನಾಟಕದ ಎಳೆ 2012ರ ಕಾದಂಬರಿಯಲ್ಲಿ ಮುಂದುವರಿಯುತ್ತದೆ. ಕಥೆ ಪೂರ್ತಿ ಬೇಕೆನ್ನುವವನು ಎರಡನ್ನೂ ಕೊಳ್ಳಬೇಕು. ಸೀಡಿ ಕೊಂಡವನು ಮುಂದೆ ಅದೇ ಕಥೆಯ ಪುಸ್ತಕವನ್ನೂ ಕೊಂಡ. ಮೋಸ ಅಂತ ಹೇಳಲು ಬರುವುದಿಲ್ಲ, ಬಲವಂತವಾಗಿ ಯಾರೂ ಮಾರಲಿಲ್ಲ. ಸಂಗ್ರಹದ ಚಟ ಇರುವವರ ಬೆರಳು ತಾನಾಗಿಯೇ ಆ ಗುಂಡಿ ಒತ್ತುತ್ತದೆ.

ನನ್ನ ಬೆರಳೂ ಒತ್ತಿತು. ಒಮ್ಮೆ ವಿದೇಶದ ಒಂದು ಅಂಗಡಿಯಿಂದ ಮೂರು ಸೀಡಿ ತರಿಸಿದೆ. ಎರಡು ತಿಂಗಳಾದ ಮೇಲೆ ಪೊಟ್ಟಣ ಬಂತು, ಜೊತೆಗೆ ಸುಂಕದ ಚೀಟಿ. ಒಂದು ಡಬ್ಬಿ ಪುಡಿಪುಡಿ, ಒಳಗಿನ ಸೀಡಿಯಲ್ಲಿ ಗೀರು. ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಆಫೀಸಿನ ಗೆಳೆಯ ನಕ್ಕು ಪೆನ್‌ಡ್ರೈವ್ ಕೊಟ್ಟ, ಅದರಲ್ಲಿ ನಲವತ್ತು ನಾಟಕ. ಸುಮ್ನೆ ಸಿಕ್ಕಿದ್ದವು. ವಿಚಿತ್ರ ಅಂದರೆ ಆ ನಲವತ್ತರಲ್ಲಿ ನಾನು ಕೊನೆತನಕ ಕೇಳಿದ್ದು ಮೂರೋ ನಾಲ್ಕೋ.

ಇಷ್ಟರಲ್ಲಿ ಆಟದ ಲೋಕವೇ ಮಗುಚಿಬಿತ್ತು. 2015ರಲ್ಲಿ ಹಳೆಯ ವಾರ್‌ಹ್ಯಾಮರ್‌ನ ಪ್ರಪಂಚವನ್ನು ಕಥೆಯಲ್ಲೇ ನಾಶ ಮಾಡಿದರು. ಬದಲಿಗೆ ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ಬಂತು. ವರ್ಷಗಟ್ಟಲೆ ಬಣ್ಣ ಹಚ್ಚಿದ ಸೈನ್ಯಕ್ಕೆ ಊರೇ ಇಲ್ಲದಂತಾಯಿತು. ಸಿಟ್ಟು ಬಹಳ ಎದ್ದಿತು.

ನಮ್ಮ ಹುಡುಗನ ಫೋನಿನಲ್ಲಿದ್ದ ಕುಳ್ಳ ಮತ್ತೆ ಬಂದದ್ದು ಇಲ್ಲೇ. ಹೆಸರು ಗೋಟ್ರೆಕ್. 1980ರ ದಶಕದ ಕೊನೆಗೆ ವಿಲಿಯಂ ಕಿಂಗ್ ಬರೆದ ಸಣ್ಣಕಥೆಯಲ್ಲಿ ಹುಟ್ಟಿದವನು. ಮಾನ ಕಳೆದುಕೊಂಡವನು. ದೊಡ್ಡ ಶತ್ರುವಿನ ಕೈಯಲ್ಲಿ ಸಾಯುತ್ತೇನೆ ಅಂತ ಹರಕೆ ಹೊತ್ತು, ಸಿಕ್ಕ ಶತ್ರುವನ್ನೆಲ್ಲ ಗೆದ್ದುಬಿಟ್ಟು ಸಾಯಲಾಗದೆ ಉಳಿದವನು. ಅವನನ್ನು ಹಾಡಿ ಹೊಗಳಲು ಫೆಲಿಕ್ಸ್ ಎಂಬ ಕವಿ ಗೆಳೆಯ. 2009ರಲ್ಲೇ ಅವನದ್ದೊಂದು ಸೀಡಿ ಬಂದಿತ್ತು, ನೆನಪಿಡುವಂಥದ್ದಲ್ಲ. 2018ರಲ್ಲಿ ಬಂದ 'ರೆಲ್ಮ್‌ಸ್ಲೇಯರ್' ಮಾತ್ರ ಬೇರೆಯೇ. ಬರೆದವರು ಡೇವಿಡ್ ಗೈಮರ್, ಉದ್ದ ನಾಲ್ಕು ಗಂಟೆಗೂ ಜಾಸ್ತಿ. ಗೋಟ್ರೆಕ್‌ಗೆ ಸ್ವರ ಕೊಟ್ಟವರು ಬ್ರಯನ್ ಬ್ಲೆಸೆಡ್. ಆಗಲೇ 80 ದಾಟಿದ್ದ, ಸ್ವರದಿಂದಲೇ ಹೆಸರಾದ ರಂಗನಟ. ಯಕ್ಷಗಾನದಲ್ಲಿ ಬಣ್ಣದ ವೇಷದ ರಾಕ್ಷಸರು ಚೌಕಿಯಿಂದಲೇ, ಅಂದರೆ ಬಣ್ಣ ಹಚ್ಚುವ ಕೋಣೆಯಿಂದಲೇ ಅಬ್ಬರಿಸಿಕೊಂಡು ಬರುತ್ತಾರಲ್ಲ, ಹಾಗೆ.

ಕಥೆಯಲ್ಲಿ ಗೋಟ್ರೆಕ್ ಕಣ್ಣು ಬಿಟ್ಟಾಗ ಅವನ ಪ್ರಪಂಚ ಇಲ್ಲ. ಗೆಳೆಯ ಇಲ್ಲ. ಹರಕೆ ಹೊತ್ತ ದೇವರ ಗುಡಿಯೂ ಇಲ್ಲ. ಅವನು ಆ ಹೊಸ ಲೋಕವನ್ನು ಬಯ್ಯುತ್ತಾನೆ. ಆಟ ಕಳೆದುಕೊಂಡವರ ಸಂಕಟವನ್ನೇ ಅವನ ಬಾಯಲ್ಲಿ ಆಡಿಸಿದ ಹಾಗಿದೆ. ಇಲ್ಲಿ ಸದ್ದು ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಅದು ಮಾತಿನ ಹಿಂದೆ ಬರುತ್ತದೆ, ಮದ್ದಳೆಯ ಹಾಗೆ. 2019ರಲ್ಲಿ ಮುಂದಿನ ಭಾಗವೂ ಬಂತು. 2024ರಲ್ಲಿ ಹಳೆಯ ಲೋಕದ ಆಟವನ್ನೇ ಮತ್ತೆ ತಂದರು, ಅದು ಇನ್ನೊಂದು ರಾಮಾಯಣ.

ಆ ರಾತ್ರಿ ಹುಡುಗ 'ರೆಲ್ಮ್‌ಸ್ಲೇಯರ್'ನ ನಮೂನೆಯ ತುಣುಕನ್ನು ಹಾಕಿದ. ಒಳಗಿನ ಕೋಣೆಯಲ್ಲಿ ಮಲಗಿದ್ದ ಅಪ್ಪಯ್ಯನಿಗೆ ಎಚ್ಚರವಾಯಿತು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೇ. "ಅದ್ ಯಾರ್ದ್ ಅರ್ಥ ಮಾರಾಯಾ? ಸ್ವರ ಲಾಯ್ಕಿತ್ತ್" ಅಂದರು. ಸ್ವಲ್ಪ ಹೊತ್ತು ಕೇಳಿ, "ಎದ್ರು ಕೂತವ ಮಾತೇ ಆಡುದಿಲ್ಯಲ" ಅಂತ ಮಗ್ಗುಲು ಬದಲಾಯಿಸಿದರು. ಅದೂ ನಿಜ. ಬ್ಲೆಸೆಡ್ ಎದುರು ಉಳಿದವರು ಸ್ವಲ್ಪ ಸಣ್ಣಗೆ ಕೇಳಿಸುತ್ತಾರೆ.

ಇನ್ನು ದುಡ್ಡಿನ ಲೆಕ್ಕ. ಸೀಡಿಯ ಕಾಲದಲ್ಲಿ ಒಂದೂಕಾಲು ಗಂಟೆಯ ನಾಟಕಕ್ಕೆ ಕೊಡುವ ದುಡ್ಡು ಅಲ್ಲಿನ ಒಂದು ಪೇಪರ್‌ಬ್ಯಾಕ್ ಕಾದಂಬರಿಗಿಂತ ಜಾಸ್ತಿಯೇ ಇತ್ತು. ನಟರು, ಸ್ಟುಡಿಯೋ, ಸದ್ದು ಕೂರಿಸುವವರು ಅಂತ ಖರ್ಚೂ ಇತ್ತು, ಒಪ್ಪೋಣ. 2018ರ ಕೊನೆಗೆ ಆಡಿಬಲ್ ಎಂಬ ಆಡಿಯೋಬುಕ್ ಆಪ್ ನಮ್ಮಲ್ಲಿಗೆ ಬಂದು ಲೆಕ್ಕವೇ ತಲೆಕೆಳಗಾಯಿತು. ಆಗ ತಿಂಗಳಿಗೆ 199 ರೂಪಾಯಿ ಕಟ್ಟಿದರೆ ಒಂದು ಕ್ರೆಡಿಟ್, ಅಂದರೆ ಬೇಕಾದ ಒಂದನ್ನು ತೆಗೆದುಕೊಳ್ಳುವ ಚೀಟಿ ಸಿಗುತ್ತಿತ್ತು. ಆ ಕ್ರೆಡಿಟ್ಟಿಗೆ ಒಂದು ಗಂಟೆಯ ನಾಟಕವೂ ಒಂದೇ, ಇಪ್ಪತ್ತು ಗಂಟೆಯ ಓದೂ ಒಂದೇ. ಹೀಗಿರುವಾಗ ಸಣ್ಣ ನಾಟಕಕ್ಕೆ ಕ್ರೆಡಿಟ್ ಹಾಕಲು ಮನಸ್ಸು ಬರುತ್ತದಾ? ಬರುವುದಿಲ್ಲ. ಬ್ಲ್ಯಾಕ್ ಲೈಬ್ರರಿಯೂ ಕಾದಂಬರಿ ಓದಿಸುವ ಕಡೆಗೇ ಹೆಚ್ಚು ವಾಲಿತು. ಆಪಿನಲ್ಲಿ ಕೊಂಡದ್ದು ಆಪಿನೊಳಗೇ ಇರುತ್ತದೆ, ಅದೊಂದು ಕಿರಿಕಿರಿ. ಸೀಡಿ ಆದರೆ ಕಪಾಟಿನಲ್ಲಿ ಕೂತಿರುತ್ತದೆ, ನಮ್ಮದೇ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲು ನಮೂನೆ ಕೇಳು, ಅದೂ ಬಸ್ಸಿನಲ್ಲಿ ಕೂತು ಕೇಳು. ಮಾತು ತಿಳಿದರೆ ತಗೋ. ನಾಲ್ಕು ಗಂಟೆಯದ್ದಕ್ಕೆ ಕ್ರೆಡಿಟ್ ಹಾಕಬಹುದು, ಚಿಲ್ಲರೆ ತುಣುಕಿಗೆ ಬೇಡ. ಅದೇ ಕಥೆ ಸಂಕಲನದಲ್ಲಿ ಅಚ್ಚಾಗಿದೆಯಾ ಅಂತ ಒಮ್ಮೆ ಹುಡುಕು. ಸುಮ್ನೆ ಕಥೆ ಗೊತ್ತಾಗಬೇಕು ಅಂತಿದ್ದರೆ ಓದಿಬಿಡು, ಬೇಗ ಮುಗಿಯುತ್ತದೆ.

ಅವನು ಅಲ್ಲೇ ಗುಂಡಿ ಒತ್ತಿ ಗೋಟ್ರೆಕ್‌ನನ್ನು ಕೊಂಡ. ಗಾರೋನನ್ನೂ ಕೇಳಬೇಕು ಅಂದ. ಅದು ನನ್ನ ಹತ್ತಿರ ಇದೆ, ದುಡ್ಡು ಹಾಕಬೇಡ ಅಂತ ಮಂಚದಡಿಯ ಪೆಟ್ಟಿಗೆ ಎಳೆದೆ. ಸೀಡಿಗಳು ಹೊಸದರ ಹಾಗೇ ಇದ್ದವು. ಅವನು ಒಂದನ್ನು ಎತ್ತಿ ತಿರುಗಿಸಿ ನೋಡಿ ಕೇಳಿದ, "ಮಾವ, ಇದನ್ನ ಹಾಕೋದು ಎಲ್ಲಿಗೆ?" ಮನೆಯಲ್ಲಿರುವ ಎರಡೂ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗ ಇಲ್ಲ.