ಮಂಗಳೂರಿನ ಮಲೇರಿಯಾ: ಕೂಲಿಯವರು ತಂದದ್ದಾ, ಊರು ಸಾಕಿದ್ದಾ?

ಮಂಗಳೂರಲ್ಲಿ ಮಲೇರಿಯಾದ ಮಾತು ಬಂದ ಕೂಡಲೇ ‘ಹೊರಗಿನ ಕೂಲಿಯವರು ತಂದದ್ದು’ ಅಂತ ಹೇಳಿ ಮುಗಿಸುವವರೇ ಜಾಸ್ತಿ. ರೋಗಾಣು ಮನುಷ್ಯರ ರಕ್ತದಲ್ಲಿ ಊರೂರು ಸುತ್ತುತ್ತದೆ, ನಿಜ. ಆದರೆ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಸೊಳ್ಳೆ ಹುಟ್ಟುವುದು ಇಲ್ಲೇ, ನಾವೇ ನಿಲ್ಲಿಸಿದ ನೀರಿನಲ್ಲಿ.

ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1958ರಲ್ಲಿ ಅದೇ ನಿರ್ಮೂಲನೆ ಕಾರ್ಯಕ್ರಮವಾಯಿತು. ಡಿಡಿಟಿ ಹೊಡೆದು ರೋಗ ಮುಗಿದೇ ಹೋಯಿತು ಅನ್ನುವಾಗ ಮತ್ತೆ ತಲೆ ಎತ್ತಿ, 1976ರಲ್ಲಿ 64 ಲಕ್ಷ ಪ್ರಕರಣ ದಾಖಲಾದವು. ಮಂಗಳೂರಲ್ಲಿ ಜ್ವರ ಜೋರಾದದ್ದು 1990ರ ದಶಕದಲ್ಲಿ. ಹಂಚಿನ ಮನೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಕಾಲ ಅದು.

ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಒದ್ದೆಯಾಗಿದ್ದು ಗಟ್ಟಿಯಾಗಲಿ ಅಂತ, ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ವಾರ, ಹತ್ತು ದಿನ. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಇದು ಚರಂಡಿಯ ಸೊಳ್ಳೆಯಲ್ಲ, ತಿಳಿನೀರೇ ಬೇಕು. ಬಗ್ಗಿ ನೋಡಿದರೆ ಮರಿ ಕಾಣುತ್ತದೆ: ನೀರಿನ ಮೇಲೆ ಅಡ್ಡ ಮಲಗಿದ ಸಣ್ಣ ಹುಳು. ಬೇರೆ ಜಾತಿಯ ಸೊಳ್ಳೆಗಳಾದ ಕ್ಯೂಲೆಕ್ಸ್, ಈಡಿಸ್‌ನ ಮರಿಗಳಾದರೆ ತಲೆ ಕೆಳಗಾಗಿ ನೇತಾಡುತ್ತವೆ. ಲಿಫ್ಟ್ ಗುಂಡಿ, ಬ್ಯಾರೆಲ್, ಮುಚ್ಚಳವಿಲ್ಲದ ಟ್ಯಾಂಕಿ, ಬಳಸದ ಬಾವಿ ಎಲ್ಲವೂ ಇದಕ್ಕೆ ತೊಟ್ಟಿಲೇ.

ಆ ನೀರಿನ ಪಕ್ಕದಲ್ಲೇ ಮಲಗುವವರು ಯಾರು? ಬಾಗಲಕೋಟೆ, ರಾಯಚೂರು, ಒಡಿಶಾ, ಜಾರ್ಖಂಡ್‌ನಿಂದ ಬಂದವರು. ಕಿಟಕಿ ಕೂರಿಸದ ಕಟ್ಟಡ, ಸೊಳ್ಳೆ ಪರದೆ ಇಲ್ಲ. ಮೇಲಿನ ಫ್ಲ್ಯಾಟಿಗೆ ಜಾಲರಿ ಬರುವ ಹೊತ್ತಿಗೆ ಇವರು ಬೇರೆ ಸೈಟಿನಲ್ಲಿರುತ್ತಾರೆ.

ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ. ಅದು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರವೂ ಎದ್ದು ಬರಬಹುದು. ಅದಕ್ಕೇ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕು. ಚಳಿ, ಜ್ವರ ನಾಲ್ಕೈದು ದಿನಕ್ಕೆ ಇಳಿಯುತ್ತದೆ, ಕೂಲಿ ಕರೆಯುತ್ತದೆ, ಮಾತ್ರೆ ಅಲ್ಲಿಗೆ ನಿಲ್ಲುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ಆದರೆ ಅಲ್ಲಿಗೆ ಹೋದ ದಿನದ ಸಂಬಳ ಕೊಡುವವರು ಯಾರು? ಇದನ್ನು ನೋಡದೆ ‘ಬೇಜವಾಬ್ದಾರಿ’ ಅನ್ನುವುದು ಅನ್ಯಾಯ.

2015ರಲ್ಲಿ ನಗರದಲ್ಲಿ ಡಿಜಿಟಲ್ ನಿಗಾ ಬಂತು. ಲ್ಯಾಬ್‌ನಲ್ಲಿ ಪತ್ತೆಯಾದ ಪ್ರಕರಣ ಸಾಫ್ಟ್‌ವೇರ್‌ಗೆ ಸೇರಿ, ಸಿಬ್ಬಂದಿ ಟ್ಯಾಬ್ ಹಿಡಿದು ಆ ಜಾಗಕ್ಕೇ ಹೋಗತೊಡಗಿದರು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ತುಂಬಾ ಇಳಿದವು. ಬಿಸಿಲಲ್ಲಿ ಮನೆಮನೆ ಹತ್ತಿಳಿದ ಆ ಸಿಬ್ಬಂದಿಗೆ ಇದರ ಶ್ರೇಯ ಸಲ್ಲಬೇಕು.

ಉಳಿದ ಕೆಲಸ ಕಟ್ಟಿಸುವವರದ್ದು. ನೀರು ಕಟ್ಟುವ ಬದಲು ಒದ್ದೆ ಗೋಣಿ ಹಾಸಿದರೂ ಕ್ಯೂರಿಂಗ್ ಆಗುತ್ತದೆ. ಮಲಗುವ ಜಾಗಕ್ಕೆ ಪರದೆ, ಜ್ವರ ಬಂದವರಿಗೆ ಸಂಬಳ ಸಹಿತ ರಜೆ, 14ನೇ ದಿನದವರೆಗೂ ಮಾತ್ರೆ ನುಂಗಿಸುವ ಹೊಣೆ. ಕಟ್ಟಡದ ಪರವಾನಗಿ ಕೊಡುವಾಗಲೇ ಇವನ್ನು ಷರತ್ತಾಗಿ ಬರೆಸಿ, ಸೈಟಿಗೆ ಹೋಗಿ ನೋಡಬೇಕು.