ಕಿರುಚಿದವರಿಗೆ ನೆನಪಿಲ್ಲ, ಕೇಳಿದವರಿಗೆ ನಿದ್ದೆಯಿಲ್ಲ

ಅಡಿಕೆ ಸುಲಿತದ ದಿನಗಳು. ತೀರ್ಥಹಳ್ಳಿ ಹತ್ತಿರದ ನಮ್ಮನೆ ಜಗುಲಿಯಲ್ಲಿ ಹನ್ನೊಂದು ಗಂಟೆಯವರೆಗೂ ಮೆಟ್ಟುಗತ್ತಿಯ ಸದ್ದು. ಮಲಗಿ ಒಂದೂವರೆ ಗಂಟೆಯಾಗಿರಬೇಕು, ನಮ್ಮನೆಯವರು ಕಿಟಾರನೆ ಕಿರುಚಿ ಎದ್ದು ಕೂತರು. ಕಣ್ಣು ಅಗಲವಾಗಿ ತೆರೆದಿದೆ, ಬನಿಯನ್ ಬೆವರಲ್ಲಿ ತೊಯ್ದಿದೆ. ‘ರೀ, ರೀ’ ಅಂದರೆ ನನ್ನನ್ನು ದಾಟಿ ಗೋಡೆ ನೋಡುತ್ತಾರೆ. ಭುಜ ಹಿಡಿದೆ. ತಳ್ಳಿದ ರಭಸಕ್ಕೆ ನನ್ನ ಮೊಣಕೈ ಮಂಚದ ಅಂಚಿಗೆ ಬಡಿಯಿತು. ಐದು ನಿಮಿಷಕ್ಕೆ ಮತ್ತೆ ಗೊರಕೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ‘ನಾನಾ? ಏನೂ ನೆನಪಿಲ್ಲ ಮಾರಾಯ್ತಿ’ ಅಂದರು.

‘ತೋಟದಲ್ಲಿ ಏನೋ ಕಂಡು ಹೆದರಿದ್ದಾನೆ, ಒಂದು ಅಂತ್ರ ಕಟ್ಟಿಸೋಣ’ ಅಂದರು ಅತ್ತೆ. ಕಟ್ಟಿಸಿದೆವು. ಮಗನ ಆ ಕಿರುಚಾಟ ಕೇಳಿದ ತಾಯಿಗೆ ಹಾಗನ್ನಿಸಿದ್ದು ತಪ್ಪೇನಲ್ಲ. ಆದರೆ ಕಾರಣ ತೋಟದಲ್ಲಿರಲಿಲ್ಲ, ನಿದ್ದೆಯಲ್ಲೇ ಇತ್ತು. ಗಾಢ ನಿದ್ದೆಯಿಂದ ಅರೆಎಚ್ಚರದಲ್ಲಿ ಹೀಗೆ ಕಿರುಚಿ ಏಳುವುದಕ್ಕೆ ‘ನೈಟ್ ಟೆರರ್’ ಅನ್ನುತ್ತಾರೆ.

ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಅತಿ ಗಾಢ ನಿದ್ದೆ ಬರುವುದು ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ. ನೈಟ್ ಟೆರರ್ ಹುಟ್ಟುವುದು ಅಲ್ಲಿಂದ. ಕೆಟ್ಟ ಕನಸು ಬೇರೆ: ಅದು ಸಾಮಾನ್ಯವಾಗಿ ಬೆಳಗಿನ ಜಾವದ ಹೊತ್ತಿಗೆ ಬೀಳುತ್ತದೆ, ಎಚ್ಚರವಾದರೆ ಪೂರ್ತಿ ಎಚ್ಚರವಾಗುತ್ತದೆ, ಕಂಡದ್ದು ನೆನಪಿರುತ್ತದೆ. ನೈಟ್ ಟೆರರ್ ಕನಸಿನ ಫಲವಲ್ಲ, ಎಚ್ಚರಗೊಳ್ಳುವ ಕ್ರಿಯೆಯಲ್ಲೇ ಆಗುವ ಎಡವಟ್ಟು ಎಂದು ಕೆನಡಾದ ರೋಜರ್ ಬ್ರೌಟನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು.

ನಮ್ಮ ಕಡೆ ಮಳೆಗಾಲದಲ್ಲಿ ಸಿಂಗಲ್ ಫೇಸ್ ಕರೆಂಟ್ ಬಂದಾಗ ಬಚ್ಚಲ ದೀಪ ಉರಿಯುತ್ತದೆ, ತೋಟದ ಪಂಪು ಮಾತ್ರ ತಿರುಗುವುದಿಲ್ಲ. ಮಿದುಳಿನಲ್ಲೂ ಆಗ ಹಾಗೆಯೇ. ಕೈಕಾಲು ಆಡಿಸುವ, ಭಯ ಹುಟ್ಟಿಸುವ ಭಾಗಗಳು ಎಚ್ಚರ. ವಿವೇಚನೆ ಮಾಡುವ, ನೆನಪು ಕೂಡಿಡುವ ಭಾಗಗಳು ಇನ್ನೂ ನಿದ್ದೆಯಲ್ಲಿ. ಹಿಡಿದುಕೊಂಡದ್ದು ಹೆಂಡತಿ ಎಂದು ಗುರುತಿಸುವಷ್ಟು ಎಚ್ಚರ ಅವರಿಗಿರಲಿಲ್ಲ. ಹಿಡಿತ ಅವರಿಗೆ ದಾಳಿಯಾಗಿ ಕಂಡಿತು. ಅಲುಗಾಡಿಸುವುದು, ಮುಖಕ್ಕೆ ನೀರೆರಚುವುದು ಬೇಡ. ಸ್ವಲ್ಪ ದೂರ ನಿಂತು, ಮೆಲುದನಿಯಲ್ಲಿ ‘ಏನಿಲ್ಲ, ಮಲಗಿ’ ಅನ್ನುತ್ತಿದ್ದರೆ ಸಾಕು. ಎದ್ದು ಹೊರಟರೆ ಮೆಲ್ಲಗೆ ಹಾಸಿಗೆಯತ್ತ ತಿರುಗಿಸಬಹುದು. ಮಾಳಿಗೆ ಬಿಟ್ಟು ಕೆಳಗೆ ಮಲಗಲು ಶುರುಮಾಡಿದೆವು. ಮೆಟ್ಟುಗತ್ತಿ, ಕುಡುಗೋಲುಗಳನ್ನೆಲ್ಲ ಕೊಟ್ಟಿಗೆಗೆ ಸಾಗಿಸಿ ಬೀಗ ಹಾಕಿದೆ.

ಶಿವಮೊಗ್ಗದಲ್ಲಿ ವೈದ್ಯರು ನಮ್ಮನೆಯವರಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ನನ್ನನ್ನೇ. ಮಲಗಿ ಎಷ್ಟು ಹೊತ್ತಿಗೆ? ಕಣ್ಣು ತೆರೆದಿತ್ತೇ? ಎಷ್ಟು ನಿಮಿಷ? ಗೊರಕೆ ನಡುವೆ ಉಸಿರು ನಿಂತ ಹಾಗಾಗುತ್ತದೆಯೇ? ಅದನ್ನೆಲ್ಲ ಅವರು ಎಲ್ಲಿಂದ ಹೇಳಬೇಕು! ನೋಡಿದವಳು ನಾನೊಬ್ಬಳೇ. ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಹದಿನೈದು ದಿನ ಬರೆದ ಮೇಲೆ ಕಣ್ಣಿಗೆ ಬಿತ್ತು: ಸುಲಿತ ತಡವಾದ ರಾತ್ರಿಗಳಲ್ಲೇ ಕಿರುಚಾಟ. ನಿದ್ದೆಗೆಟ್ಟ ದೇಹ ಮಲಗಿದಾಗ ಗಾಢ ನಿದ್ದೆಯ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಅಲ್ಲಿಂದ ಸಲೀಸಾಗಿ ಮೇಲೇಳಲಾಗದೆ ತೊಡರುತ್ತದೆ. ಜ್ವರ, ಮಾನಸಿಕ ಒತ್ತಡ, ಕೆಲವು ನಿದ್ದೆ ಮಾತ್ರೆಗಳು, ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಇದನ್ನು ಕೆದಕಬಲ್ಲವು. ವಂಶದ ನಂಟೂ ಇದೆ, ನಿದ್ದೆಯಲ್ಲಿ ನಡೆಯುವುದೂ ಇದೇ ಜಾತಿಯದು. ನಮ್ಮ ಮೈದುನ ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲಿ ಅಂಗಳದವರೆಗೆ ನಡೆಯುತ್ತಿದ್ದನಂತೆ.

ಒಂದನ್ನು ಮಾತ್ರ ಒತ್ತಿ ಹೇಳಬೇಕು. ಐವತ್ತು ದಾಟಿದವರು ಬೆಳಗಿನ ಜಾವ ಕೈಕಾಲು ಬಡಿದು, ಎಬ್ಬಿಸಿದರೆ ‘ಯಾರೋ ಅಟ್ಟಿಸಿಕೊಂಡು ಬಂದರು’ ಎಂದು ಕನಸನ್ನೇ ವಿವರಿಸಿದರೆ ಅದು ಬೇರೆಯೇ ಕಾಯಿಲೆ ಇರಬಹುದು. 1986ರಲ್ಲಿ ಅಮೆರಿಕದ ಕಾರ್ಲೋಸ್ ಶೆಂಕ್ ತಂಡ ಅದನ್ನು ವಿವರಿಸಿತು. ಕನಸಿನ ಹೊತ್ತಿನಲ್ಲಿ ಸ್ನಾಯುಗಳನ್ನು ಕಟ್ಟಿಡುವ ವ್ಯವಸ್ಥೆ ಅವರಲ್ಲಿ ಸಡಿಲವಾಗಿರುತ್ತದೆ. ಕೆಲವರಲ್ಲಿ ಅದು ವರ್ಷಗಳ ನಂತರ ಬರುವ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ. ನರರೋಗ ತಜ್ಞರನ್ನು ಕಾಣಲು ತಡಮಾಡಬೇಡಿ, ಮೊಬೈಲಿನಲ್ಲಿ ವಿಡಿಯೋ ಸಿಕ್ಕರೆ ತೋರಿಸಿ.

ಪಕ್ಕದಲ್ಲಿ ಮಲಗುವವರ ನಿದ್ದೆಯನ್ನು ಯಾರೂ ಕೇಳುವುದಿಲ್ಲ. ‘ಈಗ ಕಿರುಚುತ್ತಾರೆ, ಈಗ’ ಎಂದು ಗಡಿಯಾರ ನೋಡುತ್ತಾ ಬಿದ್ದಿರುತ್ತಿದ್ದೆ. ವಾರಕ್ಕೆರಡು ರಾತ್ರಿ ಅತ್ತೆಯ ಕೋಣೆಯಲ್ಲಿ ಮಲಗಲು ಶುರುಮಾಡಿದೆ. ಊರವರು ಏನಂದುಕೊಂಡರೋ, ನಾನು ನಿದ್ದೆ ಮಾಡಿದೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹೀಗಿದೆ: ‘ಸುಲಿತ ಒಂಬತ್ತಕ್ಕೇ ಬಂದ್. 12.20ಕ್ಕೆ ಎದ್ದು ಕೂತರು. ಕಿರುಚಲಿಲ್ಲ. ಮಲಗಿ ಅಂದೆ, ಮಲಗಿದರು.’